ಈ ವಯಸ್ಸಿನಲ್ಲಿ ನಾಯಿ ಬೇಕೇ?

ದಾವಣಗೆರೆಯಿಂದ ಓದುಗರೊಬ್ಬರು ಬರೆದಿದ್ದಾರೆ: "ನನಗೆ 68 ವರ್ಷ. ಯಜಮಾನರು ಹೋಗಿ ಎರಡು ವರ್ಷವಾಯಿತು, ಮಕ್ಕಳು ದೂರದಲ್ಲಿದ್ದಾರೆ. ಸಂಜೆ ದೀಪ ಹಚ್ಚಿದ ಮೇಲೆ ಮನೆ ಬಿಕೋ ಅನ್ನುತ್ತದೆ. ಒಂದು ಪುಟ್ಟ ನಾಯಿಮರಿ ತರೋಣವೆಂದರೆ ಎಲ್ಲರೂ ನಗುತ್ತಾರೆ."

ನಗುವವರು ನಗಲಿ ಬಿಡಿ. ಸಂಜೆ ನಿಮ್ಮ ಜೊತೆ ಕೂರುವುದಕ್ಕೆ ಅವರೇನೂ ಬರುವುದಿಲ್ಲವಲ್ಲ! ನಾಯಿ ಖಂಡಿತ ತನ್ನಿ. ಆದರೆ ಮರಿ ಮಾತ್ರ ಬೇಡ.

ಯಾಕೆ ಅಂತೀರಾ? ಮರಿಯನ್ನು ಎರಡು ಮೂರು ಗಂಟೆಗೊಮ್ಮೆ ಹೊರಗೆ ಕರೆದೊಯ್ಯಬೇಕು, ರಾತ್ರಿ ಏಳಬೇಕು, ಬಗ್ಗಿ ಬಗ್ಗಿ ನೆಲ ಒರೆಸಬೇಕು. ಹಲ್ಲು ಬರುವಾಗ ಚಪ್ಪಲಿಯೂ ಆಯಿತು, ಕನ್ನಡಕವೂ ಆಯಿತು. ನಮ್ಮ ದೊಡ್ಡಮ್ಮ 70ರಲ್ಲಿ ಹೀಗೇ ಆಸೆಪಟ್ಟು ಒಂದು ಮರಿ ತಂದರು. ಒಂದು ಬೆಳಿಗ್ಗೆ ಹಾಲಿನ ಪಾತ್ರೆ ಹಿಡಿದು ಬರುತ್ತಿದ್ದಾಗ ಅದು ಆಟಕ್ಕೆಂದು ಸೀರೆಯ ಅಂಚು ಕಚ್ಚಿ ಎಳೆಯಿತು. ದೊಡ್ಡಮ್ಮ ಬಿದ್ದರು, ಮಣಿಕಟ್ಟು ಮುರಿಯಿತು. ಮರಿಯನ್ನು ಯಾರಿಗೋ ಕೊಟ್ಟದ್ದಾಯಿತು. ಕೈನೋವಿಗಿಂತ ಅದನ್ನು ಕಳಿಸಿದ ಸಂಕಟವೇ ಅವರಿಗೆ ಹೆಚ್ಚಾಗಿತ್ತು.

ಆದ್ದರಿಂದ ನಾಲ್ಕೈದು ವರ್ಷ ತುಂಬಿದ, ಮನೆಯ ರೂಢಿ ಇರುವ ನಾಯಿಯನ್ನೇ ಹುಡುಕಿ. ವರ್ಗವಾಗಿ ಹೋಗುವವರು, ವಿದೇಶಕ್ಕೆ ಹೊರಟವರು ಬಿಟ್ಟುಹೋಗುವ ನಾಯಿಗಳು ಎಷ್ಟೋ ಇರುತ್ತವೆ. ನಿಮ್ಮೂರಿನ ಪಶುವೈದ್ಯರನ್ನು ಕೇಳಿದರೆ ಗೊತ್ತಾಗುತ್ತದೆ. ಬೆಂಗಳೂರಿನವರಾದರೆ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳಲ್ಲಿ ವಿಚಾರಿಸಬಹುದು.

ಜಾತಿಯ ಮಾತು. 2003ರಲ್ಲಿ ಮೊಬೈಲ್ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿದ್ದು ಪಗ್. ಆಮೇಲೆ ಎಲ್ಲರಿಗೂ ಅದೇ ಬೇಕಾಯಿತು. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳುತ್ತದೆ. ಚಪ್ಪಟೆ ಮೂಗಿನ ಪಗ್‌ಗೆ ಅದೇ ಕಷ್ಟ. ದಾವಣಗೆರೆಯ ಏಪ್ರಿಲ್ ನೆನೆಸಿಕೊಳ್ಳಿ! ಷಿಟ್ಜು ಸಾಧುವೇ, ಆದರೆ ಅದರ ಕೂದಲು ದಿನಾ ಬಾಚಬೇಕು, ಗಂಟುನೋವಿನ ಬೆರಳಿಗೆ ಅದು ಶಿಕ್ಷೆ. ಡ್ಯಾಶ್‌ಹಂಡ್‌ಗೆ ಉದ್ದ ಬೆನ್ನು, ಮೆಟ್ಟಿಲಿನ ಮನೆಗೆ ಆಗದು. ನಾವು ಪಾಮೆರೇನಿಯನ್ ಎಂದು ಕರೆಯುವ ಬಿಳಿ ನಾಯಿ ಬಹುತೇಕ ಇಂಡಿಯನ್ ಸ್ಪಿಟ್ಜ್. ನಮ್ಮ ಹವೆಗೆ ಒಗ್ಗಿದ್ದು, ಸಣ್ಣದು ಆರೇಳು ಕಿಲೋ ತೂಗುತ್ತದೆ. ಬೊಗಳುವುದು ಸ್ವಲ್ಪ ಜಾಸ್ತಿ ನಿಜ, ಒಂಟಿ ಹೆಂಗಸಿನ ಮನೆಗೆ ಅದೇನು ದೋಷವೇ? ಬೀದಿಯಿಂದ ಬಂದ ಶಾಂತ ಸ್ವಭಾವದ ಸಣ್ಣ ಹೆಣ್ಣುನಾಯಿ ಸಿಕ್ಕರೂ ನನ್ನ ಮಟ್ಟಿಗೆ ಅಷ್ಟೇ ಒಳ್ಳೆಯದು.

ತರುವ ಮೊದಲು ಅರ್ಧ ಗಂಟೆ ಅದರ ಹತ್ತಿರ ಕೂತು ನೋಡಿ. ಎತ್ತಿಕೊಂಡೂ ನೋಡಿ. ಆಟೋಗೆ ಹತ್ತಿಸಲು ನಿಮ್ಮ ಕೈಯಲ್ಲಿ ಆಗದಿದ್ದರೆ, ಎಷ್ಟು ಮುದ್ದಾಗಿದ್ದರೂ ಅದು ನಿಮ್ಮದಲ್ಲ.

ಊಟಕ್ಕೆ ಮೊಸರನ್ನ, ಬೇಯಿಸಿದ ಮೊಟ್ಟೆ ಕೊಡಬಹುದು, ಆದರೆ ಅಷ್ಟೇ ಸಾಲದು, ವೈದ್ಯರನ್ನು ಕೇಳಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ಚಾಕೊಲೇಟು, ಪಾಯಸದ ಒಣದ್ರಾಕ್ಷಿ ಕೂಡ ಅದಕ್ಕೆ ವಿಷ. ರೇಬೀಸ್ ಲಸಿಕೆ ತಪ್ಪಿಸುವಂತಿಲ್ಲ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಸಣ್ಣ ನಾಯಿ 12-15 ವರ್ಷ ಬದುಕುತ್ತದೆ. ನೀವು ಆಸ್ಪತ್ರೆ ಸೇರಿದರೆ, ಅಥವಾ ನೀವೇ ಇಲ್ಲವಾದರೆ ಅದನ್ನು ಯಾರು ನೋಡಿಕೊಳ್ಳುತ್ತಾರೆ? ಮಗಳನ್ನೋ ಪಕ್ಕದ ಮನೆಯವರನ್ನೋ ಈಗಲೇ ಬಾಯಿಬಿಟ್ಟು ಕೇಳಿ. "ನೋಡೋಣ" ಅಂದರೆ ಒಪ್ಪಿಗೆಯಲ್ಲ, "ಆಯಿತು" ಅನ್ನಿಸಿಕೊಳ್ಳಿ. ಅವರ ಹೆಸರನ್ನೂ ಪಶುವೈದ್ಯರ ಫೋನ್ ನಂಬರನ್ನೂ ಕ್ಯಾಲೆಂಡರಿನ ಮೇಲೆ ಬರೆದಿಡಿ.

ದೊಡ್ಡಮ್ಮನ ಮನೆಗೆ ಮರುವರ್ಷ ಆರು ವರ್ಷದ ಸ್ಪಿಟ್ಜ್ ಒಂದು ಬಂತು. ಅದರ ಕತ್ತುಪಟ್ಟಿಗೆ ಅವರು ಸಣ್ಣ ಗೆಜ್ಜೆ ಕಟ್ಟಿದ್ದರು, ಕಾಲ ಬಳಿ ಬಂದರೆ ತಿಳಿಯಲಿ ಅಂತ. ನೀವೂ ಕಟ್ಟಿ.