ಮಾಣಿಯ ದಾಳ, ಮಾವಯ್ಯನ ಅರ್ಥ

ಈ ಸಲ ಚೌತಿಗೆ ಮಗ ಬೆಂಗಳೂರಿಂದ ಬಂದಾಗ ಚೀಲದ ತುಂಬ ದಾಳಗಳು. ಒಂದಕ್ಕಂತೂ ಇಪ್ಪತ್ತು ಮುಖ! ಹೊಸನಗರದ ಮಳೆ ನಿಮಗೆ ಗೊತ್ತಲ್ಲ, ಚೌತಿ ಬಂದರೂ ಬಿಡುವ ಜಾತಿಯದ್ದಲ್ಲ. ಕರೆಂಟೂ ಇರಲಿಲ್ಲ. ಸಾಗರದಿಂದ ನಾದಿನಿಯ ಮಕ್ಕಳಿಬ್ಬರು, ತೀರ್ಥಹಳ್ಳಿಯಿಂದ ನನ್ನಣ್ಣನ ಮಗಳು ಬಂದಿದ್ದರು. ಜಗಲಿಯಲ್ಲಿ ಕಂಬಳಿ ಹಾಸಿ ಕೂತೇಬಿಟ್ಟರು.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿದ್ದು, 1974ರಲ್ಲಿ ಹೊರಬಂತು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರಿಗೆ ಒಂದೊಂದು ಪಾತ್ರ. ಎಲ್ಲ ಮಾತಿನಲ್ಲೇ. ಕಷ್ಟದ ಕೆಲಸಕ್ಕೆ ಕೈ ಹಾಕಿದರೆ ಮಾತ್ರ ದಾಳ ಉರುಳಿಸಬೇಕು. ಕಥೆ ಮಗನದ್ದಲ್ಲ, ಅಚ್ಚಾದ ಪುಸ್ತಕದ್ದು. 2014ರಲ್ಲಿ ಬಂದ 'ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್'. ಸಾಮಾನಿನ ಗಾಡಿ ಹೋಗುತ್ತಿರುತ್ತದೆ, ದಾರಿಗಡ್ಡ ಸತ್ತ ಕುದುರೆಗಳು, ಪೊದೆಯಿಂದ ಗಾಬ್ಲಿನ್‌ಗಳ ದಾಳಿ. ಅವುಗಳ ಹೆಜ್ಜೆ ಹಿಡಿದು ಗುಹೆಗೆ ಹೋಗಬೇಕು.

ಅಣ್ಣನ ಮಗಳು ಹೋಗಲೇ ಇಲ್ಲ. "ಗುಹೆಗೆ ಯಾರು ಹೋಗ್ತಾರೆ? ವಾಪಸ್ ಹೋಗಿ ಊರಲ್ಲಿ ಜನ ಕೂಡಿಸಣ" ಅಂದಳು. ಉಳಿದವರೂ ಹೌದೆಂದರು. ಮಗ ಪುಟ ತಿರುವಿದ. "ಪುಸ್ತಕದಲ್ಲಿ ಹಾಗಿಲ್ಲ ಕಣೇ!" ಅಂತ ರೇಗಿದ. ಅವಳು ದಾಳ ಎತ್ತಿಟ್ಟು ಒಳಗೆ ನಡೆದಳು. ಹಬ್ಬದ ದಿನ ಮಕ್ಕಳ ಮುಖ ಊದಿದ್ದು ನೋಡಿ ನನಗೂ ಬೇಜಾರು.

ಆರಾಮಕುರ್ಚಿಯಲ್ಲಿದ್ದ ಮಾವಯ್ಯ ಆಗ ಬಾಯಿಬಿಟ್ಟರು. "ಮಾಣಿ, ಅದು ಪ್ರಸಂಗ. ಪ್ರಸಂಗದಲ್ಲಿ ಪದ ಇರ್ತದೆ, ಅರ್ಥ ಇರದಿಲ್ಲ."

ಮಾವಯ್ಯ ಈ ಸೀಮೆಯ ತಾಳಮದ್ದಲೆಗಳಲ್ಲಿ ನಲವತ್ತು ವರ್ಷ ಅರ್ಥ ಹೇಳಿದವರು. ಮೂರು ವರ್ಷದಿಂದ ಯಾರು ಕರೆದರೂ ಹೋಗುತ್ತಿರಲಿಲ್ಲ. ಕಾರಣ ಕೇಳಿದರೆ ಮಂಡಿನೋವು ಅನ್ನುತ್ತಿದ್ದರು. ಕೂತು ಮಾತಾಡುವ ಕಲೆಗೆ ಮಂಡಿ ಯಾಕೆ ಬೇಕು ಅಂತ ನಾನೂ ಕೇಳಿರಲಿಲ್ಲ ಅನ್ನಿ.

ಅವತ್ತು ಅವರು ಮಗನಿಗೆ ದೇವಿದಾಸನ 'ಕೃಷ್ಣಸಂಧಾನ'ವನ್ನೇ ಬಿಡಿಸಿ ಹೇಳಿದರು. ಕೌರವನ ಅರ್ಥ ಹೇಳುವವನು ಎಷ್ಟು ಬೇಕಾದರೂ ವಾದಿಸಬಹುದು, ಕೃಷ್ಣನ ಬಾಯಿ ಕಟ್ಟಿಸಲೂಬಹುದು. ಆದರೆ ಸಂಧಾನ ಮುರಿಯಲೇಬೇಕು. ವಿದುರನ ಮನೆಗೆ ಯಾಕೆ ಹೋದೆ ಎಂದು ಒಬ್ಬ ಹತ್ತು ನಿಮಿಷ ಕೆಣಕುತ್ತಾನೆ, ಇನ್ನೊಬ್ಬ ಅರ್ಧ ಗಂಟೆ. ಭಾಗವತರು ಕಾಯುತ್ತಾರೆ. ಮಾತು ತೀರಾ ದಿಕ್ಕು ತಪ್ಪಿದರೆ ಮುಂದಿನ ಪದ ಎತ್ತುತ್ತಾರೆ. ಇರುವ ಪದವನ್ನೆಲ್ಲ ಹಾಡುವುದೂ ಇಲ್ಲ. ರಾತ್ರಿಯಿಡೀ ಆಗುತ್ತಿದ್ದದ್ದನ್ನು ಈಗ ಮೂರು ಗಂಟೆಗೆ ಇಳಿಸಬೇಕಾದರೆ ಬಿಡುವ ಪದ ಯಾವುದು ಅಂತ ಗೊತ್ತಿರಬೇಕು.

"ಕೂಸು ಊರಿಗೆ ಹೋಗ್ತೆ ಅಂದ್ರೆ ಹೋಗ್ಲಿ. ಊರಲ್ಲೇ ಆ ಕಳ್ಳರದ್ದೊಂದು ಸುದ್ದಿ ಸಿಗ್ಲಿ. ಗುಹೆ ಎಲ್ಲಿಗೂ ಓಡಿಹೋಗದಿಲ್ಲ."

ರಾತ್ರಿ ಲಾಟೀನು ಇಟ್ಟುಕೊಂಡು ಅಜ್ಜ ಮೊಮ್ಮಗ ಕೂತು ಕಥೆಯನ್ನೇ ಬದಲಿಸಿದರು. ಗಾಡಿ ಹೋಗಿ ಬಿದನೂರಿಂದ ಹುಲಿಕಲ್ ಘಾಟಿ ಇಳಿಯುವ ಕಾಳುಮೆಣಸಿನ ಹೇರೆತ್ತುಗಳಾದವು. ಕೆಳದಿ ಅರಸರ ಕಾಲ, 1763ರಲ್ಲಿ ಹೈದರಾಲಿ ಬಿದನೂರು ಹಿಡಿಯುವುದಕ್ಕೆ ಮುಂಚಿನದ್ದು. ಗಾಬ್ಲಿನ್‌ಗಳು ಘಾಟಿಯ ಕಳ್ಳರಾದರು. ಪುಸ್ತಕದ ಇನ್ನೊಂದು ತೊಡಕನ್ನು ಮಗನೇ ಕಂಡುಹಿಡಿದ. ಒಂದು ಮುಖ್ಯ ಗುಟ್ಟು ಒಂದೇ ಪತ್ರದಲ್ಲಿದ್ದರೆ, ಮಕ್ಕಳು ಆ ಪೆಟ್ಟಿಗೆಯನ್ನೇ ತೆರೆಯದಿದ್ದರೆ? ಹಾಗಾಗಿ ಅದೇ ಗುಟ್ಟನ್ನು ಸೆರೆಸಿಕ್ಕ ಕಳ್ಳನ ಬಾಯಲ್ಲೂ ಇಟ್ಟ, ಸಂತೆಯ ಮುದುಕಿಯ ಬಾಯಲ್ಲೂ ಇಟ್ಟ. ನನಗೆ ಇದು ಬಹಳ ಹಿಡಿಸಿತು. ಮನೆಯ ಬೀಗದಕೈ ಇಬ್ಬರ ಹತ್ತಿರ ಇರಬೇಕು ಅಂತ ನಾನು ಬಡಿದುಕೊಳ್ಳುವುದೂ ಅದಕ್ಕೇ.

ಕಾಗದ ಮಡಚುವಾಗ ಮಾವಯ್ಯ ಮೆಲ್ಲಗೆ ಹೇಳಿದರು. "ಮೂರು ವರ್ಷದ ಹಿಂದೆ ಕರ್ಣನ ಅರ್ಥ. ನಡುವೆ ಮಾತೇ ಹೋಯ್ತು ನಂಗೆ. ಎಂತ ಹೇಳ್ತಿದ್ದೆ ಅಂತ್ಲೇ ಮರ್ತೆ. ಭಾಗವತರು ತಡ ಮಾಡ್ದೆ ಪದ ಎತ್ತಿದ್ರು. ಜನಕ್ಕೆ ಗೊತ್ತಾಗ್ಲಿಲ್ಲ."

ಬಾಗಿಲಲ್ಲಿ ನಿಂತಿದ್ದ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಕಷಾಯ ತಂದುಕೊಟ್ಟೆ.

ಮಾರನೇ ದಿನ ಅಣ್ಣನ ಮಗಳೇ ಮೊದಲು ಬಂದು ಕೂತಳು. ಮೆಣಸಿನ ಸೆಟ್ಟಿಯ ಪಾತ್ರ ಮಾವಯ್ಯನದ್ದು. ಏನು ಜಿಪುಣ ಸೆಟ್ಟಿ ಅಂತೀರಿ! ಕಾವಲಿನವರ ಕೂಲಿಗೆ ಚೌಕಾಸಿ ಮಾಡಿ ಮಕ್ಕಳನ್ನು ನಗಿಸಿ ನಗಿಸಿ ಸುಸ್ತು ಮಾಡಿದರು. ನಾನು ಒಲೆ ಮೇಲಿನ ಹಾಲು ಮರೆತೆ.

ಕಳುವಾದ ಮೂಟೆಗಳ ಲೆಕ್ಕ ಹೇಳುತ್ತಿದ್ದವರು ಒಮ್ಮೆಗೇ ನಿಂತರು. ತುಟಿ ಅಲುಗುತ್ತಿತ್ತು, ಮಾತು ಬರಲಿಲ್ಲ. ಮಕ್ಕಳು ಸೆಟ್ಟಿ ಯೋಚನೆ ಮಾಡುತ್ತಿದ್ದಾನೆ ಅಂದುಕೊಂಡು ಕಾಯುತ್ತಿದ್ದರು.

ಮಗ ಇಪ್ಪತ್ತು ಮುಖದ ದಾಳ ಉರುಳಿಸಿದ. ಎಷ್ಟು ಬಿತ್ತೆಂದು ನೋಡಲೂ ಇಲ್ಲ. "ಅಷ್ಟರಲ್ಲಿ ಘಾಟಿಯ ಕೆಳಗಿಂದ ಎತ್ತಿನ ಗಂಟೆ ಕೇಳಿಸ್ತು. ಯಾರ್ಯಾರು ಓಡ್ತೀರಿ?" ಅಂದ.