ದವಾಖಾನೆಗೆ ಬಾರದವರ ಲೆಕ್ಕ

ಮೆದುಳಿಗೆ ರಕ್ತವನ್ನು ಒಯ್ಯುವ ನಾಳವು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋದಾಗ, ಇಲ್ಲವೆ ಒಡೆದು ಸೋರಿದಾಗ, ಮೆದುಳಿನ ಒಂದು ಭಾಗವು ಕೆಲವೇ ನಿಮಿಷಗಳಲ್ಲಿ ಸಾಯತೊಡಗುತ್ತದೆ. ಒಂದು ಬದಿಯ ಕೈಕಾಲುಗಳು ಬಲಗೆಡುತ್ತವೆ; ಬಾಯಿ ಸೊಟ್ಟಗಾಗುತ್ತದೆ; ಮಾತು ತೊದಲುತ್ತದೆ. ವೈದ್ಯರು ಇದನ್ನು ಪಾರ್ಶ್ವವಾಯು ಎನ್ನುತ್ತಾರೆ. ಬೆಳಗಾವಿಯ ಕಡೆಯ ಜನ ‘ಲಕ್ವ ಹೊಡೆಯಿತು’ ಎನ್ನುತ್ತಾರೆ. ಜನರ ಮಾತಿನಲ್ಲಿ ಇದು ಸಿಡಿಲಿನಂತೆ ಎರಗುವ ವಿಪತ್ತು. ಆದರೆ ಬಹುಮಟ್ಟಿಗೆ ಇದರ ಸಿದ್ಧತೆ ದೇಹದೊಳಗೆ ವರ್ಷಗಟ್ಟಲೆ ನಡೆದಿರುತ್ತದೆಂಬುದನ್ನು ವಿಜ್ಞಾನವು ಕಂಡುಕೊಂಡಿದೆ. ಆ ಸಿದ್ಧತೆಯ ಗುರುತುಗಳನ್ನು ಅಪಾಯಾಂಶಗಳೆಂದು ಕರೆಯಬಹುದು.

ಈ ತಿಳಿವಳಿಕೆ ಎಣಿಕೆಯಿಂದ ಬಂದುದು. ೧೯೪೮ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದಲ್ಲಿ ಆರಂಭವಾದ ಅಧ್ಯಯನಕ್ಕೆ ೫,೨೦೯ ಮಂದಿ ಸ್ತ್ರೀಪುರುಷರನ್ನು ಸೇರಿಸಿಕೊಂಡು, ಎರಡು ವರ್ಷಕ್ಕೊಮ್ಮೆ ಅವರನ್ನು ಪರೀಕ್ಷಿಸುತ್ತ ಬಂದರು. ರಕ್ತದ ಒತ್ತಡವೆಷ್ಟು, ಹೊಗೆ ಸೇದುವ ಚಟವುಂಟೆ ಎಂಬುದನ್ನೆಲ್ಲ ರೋಗ ಬರುವ ಮೊದಲೇ ಬರೆದಿಟ್ಟು, ಮುಂದೆ ಯಾರಿಗೆ ಯಾವ ರೋಗ ಬರುವುದೆಂದು ಕಾದು ನೋಡಿದರು. ವಯಸ್ಸಾದಂತೆ ಒತ್ತಡ ಏರುವುದು ಸಹಜ, ಅದರಿಂದ ಕೇಡಿಲ್ಲ ಎಂದು ನಂಬಿದ್ದ ವೈದ್ಯರು ಆ ಕಾಲದಲ್ಲಿ ಅನೇಕರಿದ್ದರು. ಒತ್ತಡ ಏರಿದಂತೆ ಪಾರ್ಶ್ವವಾಯುವಿನ ಸಂಭವವೂ ಏರುವುದೆಂದು ಆ ಪಟ್ಟಣದ ಲೆಕ್ಕವು ತೋರಿಸಿಕೊಟ್ಟಿತು.

ಅನಂತರ ೩೨ ದೇಶಗಳ ಸುಮಾರು ೨೭,೦೦೦ ಜನರನ್ನು ಒಳಗೊಂಡ ಇಂಟರ್‌ಸ್ಟ್ರೋಕ್ ಎಂಬ ಅಧ್ಯಯನದ ಫಲಿತಾಂಶವು ೨೦೧೬ರಲ್ಲಿ ಪ್ರಕಟವಾಯಿತು. ರಕ್ತದ ಒತ್ತಡ, ತಂಬಾಕಿನ ಹೊಗೆ, ಸಕ್ಕರೆ ಕಾಯಿಲೆ, ಹೃದ್ರೋಗ, ಮದ್ಯ, ಆಹಾರದೋಷ, ವ್ಯಾಯಾಮದ ಅಭಾವ, ಹೊಟ್ಟೆಯ ಬೊಜ್ಜು, ರಕ್ತದ ಕೊಬ್ಬು, ಮಾನಸಿಕ ಒತ್ತಡ ಎಂಬ ಹತ್ತು ಅಂಶಗಳೇ ಪಾರ್ಶ್ವವಾಯುವಿನ ಅಪಾಯದಲ್ಲಿ ನೂರಕ್ಕೆ ತೊಂಬತ್ತರಷ್ಟಕ್ಕೆ ಸಂಬಂಧಿಸಿವೆ ಎಂದು ಅದು ಹೇಳಿತು. ಭಾರತವೂ ಅದರಲ್ಲಿ ಸೇರಿತ್ತು. ಆದರೆ ಆ ಅಧ್ಯಯನದ ರೋಗಿಗಳು ಯಾರು? ಆಸ್ಪತ್ರೆಯನ್ನು ತಲುಪಿದವರು. ನನ್ನ ವಾದವಿರುವುದು ಈ ಒಂದು ಮಾತಿನ ಮೇಲೆ.

ಬೆಳಗಾವಿಯು ವೈದ್ಯವಿದ್ಯೆಗೆ ಹೆಸರಾದ ನಗರ. ೧೯೧೬ರಲ್ಲಿ ಸ್ಥಾಪಿತವಾದ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯವು ೧೯೬೩ರಿಂದ ಇಲ್ಲಿ ನಡೆದುಬಂದಿದೆ. ಸರಕಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಇದೆ. ಸುತ್ತಲಿನ ತಾಲೂಕುಗಳಿಂದಲೂ, ಗಡಿಯಾಚೆಯ ಚಂದಗಡದಿಂದಲೂ ರೋಗಿಗಳು ಇಲ್ಲಿಗೆ ಬರುತ್ತಾರೆ. ಇಂತಹ ನಗರದ ದವಾಖಾನೆಯೊಂದರ ಕಡತಗಳನ್ನು ಬಿಚ್ಚಿ, ನೂರು ಪಾರ್ಶ್ವವಾಯು ರೋಗಿಗಳಲ್ಲಿ ಎಪ್ಪತ್ತು ಮಂದಿ ನಗರದವರು, ಹತ್ತು ಮಂದಿ ಖಾನಾಪುರ ತಾಲೂಕಿನವರು ಎಂದು ಕಂಡೆವೆಂದು ಊಹಿಸೋಣ. ನಗರವಾಸವೇ ಅಪಾಯಕಾರಿಯೆಂದು ತೀರ್ಮಾನಿಸಬಹುದೆ? ಖಂಡಿತ ಸಲ್ಲದು. ಯಾವ ಊರಿನಲ್ಲಿ ಎಷ್ಟು ಜನರಿದ್ದರು, ಅವರಲ್ಲಿ ಎಷ್ಟು ಮಂದಿಗೆ ರೋಗ ತಗಲಿತು, ತಗಲಿದವರಲ್ಲಿ ಎಷ್ಟು ಮಂದಿ ದವಾಖಾನೆಯ ಬಾಗಿಲು ಕಂಡರು ಎಂಬ ಮೂರು ಸಂಖ್ಯೆಗಳಲ್ಲಿ ಒಂದೂ ಆ ಕಡತದಲ್ಲಿಲ್ಲ. ದವಾಖಾನೆಯ ಕಡತಗಳನ್ನು ಮಾತ್ರ ನಂಬಿದರೆ ಇಲ್ಲದ ಸಂಬಂಧಗಳು ಇರುವಂತೆ ತೋರಬಹುದೆಂದು ಜೋಸೆಫ್ ಬರ್ಕ್‌ಸನ್ ಎಂಬ ಸಂಖ್ಯಾಶಾಸ್ತ್ರಜ್ಞನು ೧೯೪೬ರಲ್ಲಿಯೇ ಎಚ್ಚರಿಸಿದ್ದನು.

ಖಾನಾಪುರದ ಪಟ್ಟಣವೇನೋ ಬೆಳಗಾವಿಗೆ ಸಮೀಪದಲ್ಲಿದೆ. ಆದರೆ ತಾಲೂಕಿನ ಪಶ್ಚಿಮ ಭಾಗವು ಸಹ್ಯಾದ್ರಿಯ ದಟ್ಟ ಕಾಡು. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತ ಮಳೆಗಾಲದ ಅಬ್ಬರ ಹೇಳತೀರದು. ಭೀಮಗಡ ಅಭಯಾರಣ್ಯದೊಳಗಿನ ಹಳ್ಳಿಗಳಿಂದ ರೋಗಿಯನ್ನು ಹೆಗಲ ಮೇಲೆ ಹೊತ್ತು ತರಬೇಕಾದ ಪ್ರಸಂಗಗಳು ಈಗಲೂ ಉಂಟು. ಹೆಪ್ಪನ್ನು ಕರಗಿಸುವ ಔಷಧವನ್ನಾದರೋ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಕ್ತ ಸೋರಿ ರಾತ್ರಿಯೇ ತೀರಿಕೊಂಡ ಮುದುಕಿ, ಸೌಮ್ಯವಾಗಿ ಬಂದು ಹೋಯಿತೆಂದು ಮನೆಯಲ್ಲೇ ಉಳಿದ ರೈತ, ಇವರಿಬ್ಬರೂ ಯಾವ ಕಡತದಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಹೀಗೆ ಕಾಣದೆ ಹೋದವರು ಕಂಡವರಂತೆಯೇ ಇದ್ದರೆಂದು ಭಾವಿಸಲು ಆಧಾರವಿಲ್ಲ.

ಇಂದು ಗಣಕಯಂತ್ರಗಳು ಕ್ಷಣಮಾತ್ರದಲ್ಲಿ ಲಕ್ಷ ಲೆಕ್ಕಗಳನ್ನು ಮಾಡುತ್ತವೆ. ಆದುದರಿಂದ ಈ ಕೊರತೆಯನ್ನು ಯಂತ್ರವೇ ತುಂಬೀತೆಂಬ ಭ್ರಮೆ ವಿದ್ಯಾರ್ಥಿಗಳಲ್ಲಿ ಹುಟ್ಟುವುದು ಸಹಜ. ಲೋಕದಾದ್ಯಂತ ವಿದ್ಯಾರ್ಥಿಗಳು ಅಭ್ಯಾಸಕ್ಕಾಗಿ ಬಳಸುವ ಒಂದು ಪಟ್ಟಿಯಿದೆ. ಅದರಲ್ಲಿ ೫,೧೧೦ ಜನರ ವಿವರಗಳಿವೆ. ಪಾರ್ಶ್ವವಾಯು ಆದವರು ೨೪೯ ಮಂದಿ. ಯಾರಿಗೂ ರೋಗವಿಲ್ಲವೆಂದು ಕಣ್ಣು ಮುಚ್ಚಿ ಹೇಳುವ ಯಂತ್ರವು ಈ ಪಟ್ಟಿಯಲ್ಲಿ ನೂರಕ್ಕೆ ೯೫ ಸಲ ಸರಿಯೆನಿಸಿಕೊಳ್ಳುತ್ತದೆ. ಒಬ್ಬ ರೋಗಿಯನ್ನೂ ಗುರುತಿಸುವುದಿಲ್ಲ. ನಗರವಾಸಿಯೋ ಗ್ರಾಮವಾಸಿಯೋ ಎಂಬ ಕಾಲಂ ಅದರಲ್ಲಿದೆ. ಯಾವ ದೇಶದ ನಗರ, ಯಾವ ದೇಶದ ಗ್ರಾಮ ಎಂಬುದು ಮಾತ್ರ ಗುಪ್ತ. ಹೊಗೆ ಸೇದುವ ವಿಷಯದಲ್ಲಿ ೧,೫೪೪ ಮಂದಿಯ ಎದುರಿಗೆ ‘ತಿಳಿಯದು’ ಎಂದಿದೆ. ಸುಣ್ಣದೊಂದಿಗೆ ತಿಕ್ಕಿ ಬಾಯಲ್ಲಿಡುವ ತಂಬಾಕಿನ ಪ್ರಶ್ನೆಯೇ ಇಲ್ಲ. ತಂಬಾಕಿಗೆ ಹೆಸರಾದ ನಿಪ್ಪಾಣಿಯಿರುವ ಜಿಲ್ಲೆಗೆ ಇಂತಹ ಪಟ್ಟಿಯಿಂದ ತೆಗೆದ ಸೂತ್ರವನ್ನು ಅನ್ವಯಿಸುವುದು ಎಷ್ಟು ಸರಿ? ಕಟ್ಟಿಗೆಯ ಒಲೆಯ ಹೊಗೆಯೂ ಪಾರ್ಶ್ವವಾಯುವಿನ ಅಪಾಯಾಂಶಗಳಲ್ಲಿ ಒಂದೆಂದು ಈಗ ಗಣಿಸಲಾಗಿದೆ. ಅದನ್ನೂ ಆ ಪಟ್ಟಿ ಕೇಳುವುದಿಲ್ಲ.

ಹಾಗಾದರೆ ದಾರಿ ಯಾವುದು? ಅರ್ಧ ದಾರಿ ಈಗಾಗಲೇ ಸಿದ್ಧವಾಗಿದೆ. ಮೂವತ್ತು ದಾಟಿದ ಪ್ರತಿಯೊಬ್ಬರ ಬಗ್ಗೆ ಹಳ್ಳಿಯ ಆಶಾ ಕಾರ್ಯಕರ್ತೆಯು ಒಂದು ಪತ್ರಕವನ್ನು ತುಂಬಬೇಕೆಂಬ ಸರಕಾರಿ ವ್ಯವಸ್ಥೆಯಿದೆ. ಸೊಂಟದ ಸುತ್ತಳತೆ, ಮದ್ಯ, ಸೇದುವ ಮತ್ತು ಜಗಿಯುವ ತಂಬಾಕು, ಅಡುಗೆಯ ಉರುವಲು, ಇವೆಲ್ಲ ಅದರಲ್ಲಿವೆ. ಮುಂದೆ ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ನೋಡಲಾಗುತ್ತದೆ. ಫ್ರೇಮಿಂಗ್‌ಹ್ಯಾಮಿನ ಮೊದಲ ಪುಟವೂ ಇದೇ ಬಗೆಯದು. ಕೊರತೆಯಿರುವುದು ಕೊನೆಯ ಪುಟದಲ್ಲಿ: ಇವರಲ್ಲಿ ಮುಂದೆ ಯಾರಿಗೆ ಪಾರ್ಶ್ವವಾಯು ತಗಲಿತು, ಯಾರು ಮನೆಯಲ್ಲೇ ಸತ್ತರು ಎಂಬ ಬರಹ. ಹಳ್ಳಿಯ ಪತ್ರಕವನ್ನೂ ನಗರದ ಕಡತವನ್ನೂ ಜೋಡಿಸಬೇಕು. ಮನೆಯಲ್ಲಿ ಸಂಭವಿಸಿದ ಮರಣಗಳ ಕಾರಣವನ್ನು ಬಂಧುಗಳನ್ನು ವಿಚಾರಿಸಿ ನಿರ್ಧರಿಸುವ ಕ್ರಮವನ್ನು ಅದಕ್ಕೆ ಸೇರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯು ಪಾರ್ಶ್ವವಾಯುವಿನ ಗಣನೆಗೆ ಸೂಚಿಸಿರುವ ಮೂರು ಮೆಟ್ಟಿಲುಗಳೂ ಇವೇ: ಆಸ್ಪತ್ರೆಗೆ ಬಂದವರು, ಹೊರಗೆ ಸತ್ತವರು, ಹೊರಗೆ ಬದುಕಿದವರು.

ಇದು ಆಗದ ಮಾತೆಂದು ಯಾರೂ ಹೇಳಲಾರರು. ಬೆಳಗಾವಿ ಜಿಲ್ಲೆಯ ಗೊತ್ತುಪಡಿಸಿದ ಹಳ್ಳಿಗಳಲ್ಲಿ ಪ್ರತಿಯೊಬ್ಬ ಗರ್ಭಿಣಿಯ ಹೆಸರನ್ನು ನೋಂದಾಯಿಸಿ, ಹೆರಿಗೆಯಾದ ೪೨ ದಿನಗಳವರೆಗೆ ತಾಯಿ ಮಗುವಿನ ಯೋಗಕ್ಷೇಮವನ್ನು ಬರೆದಿಡುವ ಕೆಲಸವನ್ನು ನೆಹರೂ ವೈದ್ಯಕೀಯ ಮಹಾವಿದ್ಯಾಲಯದವರು ವರ್ಷಗಟ್ಟಲೆ ನಡೆಸಿದ್ದಾರೆ. ೨೦೧೪ರಿಂದ ೨೦೧೬ರವರೆಗಿನ ಒಂದು ಪ್ರಯೋಗದಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಗ್ರಾಮೀಣ ಆರೋಗ್ಯ ಕಾರ್ಯಕರ್ತೆಯರು ಗರ್ಭಿಣಿಯರ ರಕ್ತದ ಒತ್ತಡವನ್ನು ಅಳೆದರು. ತಾಯಂದಿರಿಗಾಗಿ ಆದುದು ಅವರ ಅತ್ತೆ ಮಾವಂದಿರಿಗಾಗಿ ಏಕೆ ಆಗಬಾರದು? ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು ಜನಸಮುದಾಯವನ್ನು ಆಧರಿಸಿದ ಪಾರ್ಶ್ವವಾಯು ದಾಖಲೆಗಳನ್ನು ಮೊದಲು ಆರಂಭಿಸಿದ್ದು ವಾರಾಣಸಿ, ಕಟಕ, ತಿರುನೆಲ್ವೇಲಿ, ಕಛಾರ್ ಮತ್ತು ಕೋಟಾಗಳಲ್ಲಿ. ಅದನ್ನು ನಡೆಸುವ ಕೇಂದ್ರವು ಬೆಂಗಳೂರಿನಲ್ಲಿದ್ದರೂ ಆ ಐದರಲ್ಲಿ ಕರ್ನಾಟಕದ ಊರು ಒಂದೂ ಇಲ್ಲ.

ಜನರ ಖಾಸಗಿ ವಿವರಗಳು ಬಯಲಾದಾವೆಂಬ ಆಕ್ಷೇಪಣೆಗೆ ಬೆಲೆಯುಂಟು. ಹೆಸರನ್ನು ಮರೆಮಾಡಿ, ಒಪ್ಪಿಗೆಯನ್ನು ಅವರವರ ಮನೆಮಾತಿನಲ್ಲಿ ಕೇಳಿ ಪಡೆಯಬೇಕು. ಖಾನಾಪುರದ ಎಷ್ಟೋ ಹಳ್ಳಿಗಳಲ್ಲಿ ಅದು ಮರಾಠಿ. ಎಲ್ಲಕ್ಕಿಂತ ಮಿಗಿಲಾಗಿ, ಒತ್ತಡ ಅಳೆಸಿಕೊಂಡವನಿಗೆ ಅಂದೇ ಅದರ ಅರ್ಥವನ್ನು ತಿಳಿಸಿ, ಬೇಕಾದ ಮಾತ್ರೆ ಅವನ ಊರಿನಲ್ಲೇ ದೊರೆಯುವಂತೆ ಮಾಡಬೇಕು. ಕೊಡುವುದೇನೂ ಇಲ್ಲದೆ ಬರಿಯ ಸಂಖ್ಯೆಯನ್ನು ಒಯ್ಯುವ ಸಂಶೋಧನೆಯನ್ನು ಜನರು ಎರಡನೆಯ ಸಲ ಹೊಸ್ತಿಲೊಳಗೆ ಬಿಡರು.

ವಿದ್ಯಾರ್ಥಿಮಿತ್ರರೇ, ನಾಳೆ ನಿಮ್ಮಲ್ಲಿ ಕೆಲವರು ವೈದ್ಯರಾಗುವಿರಿ, ಕೆಲವರು ಗಣಕಯಂತ್ರದ ಮುಂದೆ ಕೂರುವಿರಿ. ಯಾವುದೇ ಪಟ್ಟಿ ಕೈಗೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ಯಾರು ಇಲ್ಲ? ಆ ಪ್ರಶ್ನೆಗೆ ಉತ್ತರ ದೊರೆತ ಮೇಲೆ ಲೆಕ್ಕವನ್ನು ಆರಂಭಿಸಿರಿ.