ಏಪ್ರಿಲ್ 15ರ ಬೆಳಿಗ್ಗೆ ನಮ್ಮ ಸರ್ಕಲ್ ಗುಡಿಸಿದ್ದು ಯಾರು?



ನಾಳೆ ಜೂನ್ 5, ವಿಶ್ವ ಪರಿಸರ ದಿನ. ಬೆಳಿಗ್ಗೆಯಿಂದಲೇ ಎಲ್ಲರ ವಾಲ್ ಮೇಲೂ ಹಸಿರು ಎಲೆ, ಗಿಡ ನೆಡೋ ಫೋಟೋ ಬರ್ತವೆ. ನನ್ನನ್ನೂ ಒಂದು ಕಾಲೇಜಿನವರು ಮಾತಾಡೋಕೆ ಕರೆದಿದ್ದಾರೆ. ವಿಷಯ ‘ಹವಾಮಾನ ಬದಲಾವಣೆ ಮತ್ತು ನಮ್ಮ ಜವಾಬ್ದಾರಿ’. ಅಲ್ಲಿ ಹೋಗಿ ಅಪಾರ್ಟ್‌ಮೆಂಟಿನವರ ಕಸದ ಬುಟ್ಟಿ ಬಗ್ಗೆ ಬೈದು, ಚಪ್ಪಾಳೆ ಹೊಡೆಸಿಕೊಂಡು ಬರೋದು ನನಗೆ ಸುಲಭ. ಆದ್ರೆ ಅದಕ್ಕೂ ಮೊದಲು ನಾವು ನಾವೇ ಕೂತು ಆಡಬೇಕಾದ ಮಾತೊಂದಿದೆ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ. ಆಮೇಲೆ ಬೈಯೋದಿದ್ರೆ ಬೈರಿ.

ನಮ್ಮ ಏರಿಯಾದಲ್ಲಿ ಈ ಸಲ ಅಂಬೇಡ್ಕರ್ ಜಯಂತಿ ಜೋರಾಗೇ ಆಯ್ತು. ಸಮಿತಿಯಲ್ಲಿ ನಾನೂ ಇದ್ದೆ. ಸರ್ಕಲ್ ತುಂಬಾ ಫ್ಲೆಕ್ಸು, ತಮಟೆ, ಮೆರವಣಿಗೆ, ರಾತ್ರಿ ಎಲ್ಲರಿಗೂ ಊಟ. ಪೇಪರ್ ಪ್ಲೇಟು, ಪ್ಲಾಸ್ಟಿಕ್ ಲೋಟ, ಕಾಲು ಲೀಟರಿನ ನೀರಿನ ಬಾಟಲಿ. ಹನ್ನೊಂದು ಗಂಟೆಗೆ ಮೈಕ್ ಆಫ್ ಮಾಡಿ, ಫೋಟೋ ಅಪ್‌ಲೋಡ್ ಮಾಡಿ, ಖುಷಿಯಾಗಿ ಮನೆಗೆ ಹೋಗಿ ಮಲಗಿದ್ವಿ.

ಮಾರನೇ ದಿನ ಬೆಳಿಗ್ಗೆ ಟೀ ಕುಡಿಯೋಕೆ ಅದೇ ಸರ್ಕಲ್ಲಿಗೆ ಬಂದೆ. ಪೊರಕೆ ಹಿಡಿದು ನಿಂತಿದ್ದು ನಮ್ಮ ಚಿಕ್ಕಮ್ಮ. ನಮ್ಮ ಅಮ್ಮನ ತಂಗಿ. ಇಪ್ಪತ್ತು ವರ್ಷದಿಂದ ಬೆಂಗಳೂರಿನ ಬೀದಿ ಗುಡಿಸ್ತಿರೋ ಪೌರಕಾರ್ಮಿಕರು. ಸುತ್ತ ನಾವು ತಿಂದು ಬಿಟ್ಟ ಅನ್ನ, ಮೂಳೆ, ಅದರ ಮೇಲೆ ನೊಣ, ಪ್ಲೇಟು ನೆಕ್ಕುತ್ತಿರೋ ನಾಯಿ. ಆಕೆ ಕೈಯಲ್ಲಿ ಹರಿದ ಒಂದು ಫ್ಲೆಕ್ಸು. ಅದರಲ್ಲಿ ಬಾಬಾಸಾಹೇಬರ ಮುಖ, ಕೆಳಗೆ ಸಾಲಾಗಿ ನಮ್ಮ ಮುಖಗಳು. ಬಾಬಾಸಾಹೇಬರ ಕೋಟಿನ ಮೇಲೆ ಸಾರು ಚೆಲ್ಲಿತ್ತು.

ನನ್ನ ನೋಡಿ ಚಿಕ್ಕಮ್ಮ ಬೈಯಲಿಲ್ಲ. "ಏನಪ್ಪಾ, ಇದನ್ನ ಹೆಂಗ್ ಕಸದ ಗಾಡಿಗೆ ಹಾಕ್ಲಿ ಹೇಳು. ಮನೇಲಿ ಈ ಫೋಟೋಗೆ ಹೂವ ಹಾಕಿ ಬಂದಿದೀನಿ" ಅಂದ್ರು. ಆಮೇಲೆ ಸೆರಗಲ್ಲಿ ಸಾರು ಒರೆಸಿ, ಫ್ಲೆಕ್ಸ್ ಮಡಚಿ, ಸ್ಕೂಲ್ ಕಾಂಪೌಂಡ್ ಗೋಡೆ ಮೇಲೆ ಇಟ್ಟು, ಮತ್ತೆ ಗುಡಿಸೋಕೆ ಶುರು ಮಾಡಿದ್ರು.

ಟೀ ಕುಡಿಯದೆ ವಾಪಸ್ ಬಂದೆ. ಪೊರಕೆ ಇಸ್ಕೊಂಡು ಗುಡಿಸಿದೆ ಅಂತ ಬರೆದ್ರೆ ಲೈಕ್ ಜಾಸ್ತಿ ಬರ್ತಿತ್ತು. ಆದ್ರೆ ನಾನು ಹಾಗೆ ಮಾಡಲಿಲ್ಲ. ಮುಖ ತಪ್ಪಿಸಿಕೊಂಡು ಬಂದೆ. ಅದಕ್ಕೇ ಇದನ್ನು ಬರೀತಿರೋದು.

ಪರಿಸರ ಅನ್ನೋದು ಮೇಲ್ಜಾತಿಯವರ, ಇಂಗ್ಲಿಷ್ ಮಾತಾಡೋರ ವಿಷಯ ಅಂತ ನಮ್ಮಲ್ಲಿ ಒಂದು ಮಾತಿದೆ. ನಾನೂ ಹಾಗೇ ಹೇಳ್ಕೊಂಡು ಓಡಾಡಿದೀನಿ. ಆದ್ರೆ ಯೋಚನೆ ಮಾಡಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡ್‌ನಲ್ಲಿ ಸಾವಿರಾರು ಜನರ ಜೊತೆ ನಡೆದು ಹೋಗಿ ಮುಟ್ಟಿದ್ದು ಏನನ್ನ? ಒಂದು ಕೆರೆಯ ನೀರನ್ನ. ಆ ಚವದಾರ್ ಕೆರೆಯಲ್ಲಿ ದನ ನೀರು ಕುಡಿಯಬಹುದಿತ್ತು, ನಾವು ಮುಟ್ಟೋ ಹಾಗಿರಲಿಲ್ಲ. ನಾವು ಕುಡಿದ ಮೇಲೆ ಸವರ್ಣೀಯರು ಕೆರೆಗೆ ಸಗಣಿ, ಗಂಜಲ, ಹಾಲು, ಮೊಸರು ಸುರಿದು ‘ಶುದ್ಧ’ ಮಾಡಿದ್ರು. ಕೆರೆಗೆ ಸಗಣಿ ಸುರಿದರೆ ಶುದ್ಧಿ, ಮನುಷ್ಯ ಕೈ ಅದ್ದಿದರೆ ಮೈಲಿಗೆ! ಈ ದೇಶದಲ್ಲಿ ಮಾಲಿನ್ಯ ಯಾವುದು ಅಂತ ತೀರ್ಮಾನ ಮಾಡಿದ್ದು ಜಾತಿ. ಹಾಗಾಗಿ ಪರಿಸರದ ಹೋರಾಟ ನಮಗೆ ಹೊಸದಲ್ಲ. ನೀರು, ನೆಲ, ಗಾಳಿ ಯಾರಿಗೆ, ಕೊಳಕು ಯಾರಿಗೆ ಅನ್ನೋ ಪ್ರಶ್ನೆಯನ್ನ ಮೊದಲು ಕೇಳಿದ್ದೇ ನಾವು.

ಇವತ್ತಿನ ಕಸದ ಬುಟ್ಟಿಯಲ್ಲೂ ಇರೋದು ಅದೇ ಪ್ರಶ್ನೆ.

ಮನೆಯಲ್ಲಿ ಕಸ ಬೇರೆ ಮಾಡೋದು ಎರಡು ನಿಮಿಷದ ಕೆಲಸ. ಅನ್ನ, ತರಕಾರಿ ಸಿಪ್ಪೆ ಒಂದು ಕಡೆ, ಪೇಪರ್ ಪ್ಲಾಸ್ಟಿಕ್ ಇನ್ನೊಂದು ಕಡೆ, ಪ್ಯಾಡು ಡೈಪರು ಬ್ಲೇಡು ಮತ್ತೊಂದು ಕಡೆ. ಈ ಎರಡು ನಿಮಿಷದ ಕೆಲಸ ನಾವು ಮಾಡದಿದ್ರೆ ಅದು ಮಾಯ ಆಗಲ್ಲ. ಗಾಡಿ ಹಿಂದೆ ನಿಂತಿರೋ ಹೆಲ್ಪರ್ ಹುಡುಗನ ಕೈಗೆ ಹೋಗುತ್ತೆ. ಅಲ್ಲಿ ತಪ್ಪಿದ್ರೆ ಒಣಕಸದ ಸೆಂಟರಿನಲ್ಲಿ ಕೂತಿರೋ ಹೆಂಗಸಿನ ಕೈಗೆ. ಅಲ್ಲೂ ತಪ್ಪಿದ್ರೆ ಕಸದ ಗುಡ್ಡದ ಮೇಲೆ ಕೊಕ್ಕೆ ಹಿಡಿದು ಚಿಂದಿ ಆಯೋ ಮಗುವಿನ ಕೈಗೆ. ಆ ಕೈಗಳು ಯಾವ ಕೇರಿಯಿಂದ ಬಂದವು ಅಂತ ನಿಮಗೆ ನಾನು ಹೇಳಬೇಕಾ? ಜಾತಿ ಬರೀ ಕೆಲಸವನ್ನ ಹಂಚಲಿಲ್ಲ, ದುಡಿಯೋ ಮನುಷ್ಯರನ್ನೇ ಮೇಲೆ ಕೆಳಗೆ ಅಂತ ಹಂಚಿಬಿಡ್ತು ಅಂತ ಬಾಬಾಸಾಹೇಬರು ನಮಗೆ ತೋರಿಸಿಕೊಟ್ಟಿದ್ರು. ಕಸ ಬೆರೆಸಿ ಕೊಡೋ ಪ್ರತಿ ಮನೆ ದಿನಾ ಬೆಳಿಗ್ಗೆ ಆ ಹಂಚಿಕೆಗೆ ಸಹಿ ಹಾಕ್ತಿದೆ.

70ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋದನ್ನ ನಮ್ಮ ರಾಜ್ಯದಲ್ಲಿ ನಿಷೇಧ ಮಾಡಿದ್ರು. ಎಷ್ಟು ದೊಡ್ಡ ಹೆಜ್ಜೆ ಅದು. ಈಗ ನೋಡಿ, ತಲೆಯಿಂದ ಇಳಿದ ಮಲ ಡೈಪರಿನೊಳಗೆ, ಕಪ್ಪು ಕವರಿನೊಳಗೆ ಸೇರಿ ಕೈಗೆ ಬಂದಿದೆ. ಮಲ ಹೊರೋದರ ವಿರುದ್ಧ 2013ರಲ್ಲಿ ಕೇಂದ್ರದ ಕಾನೂನು ಬಂತು. ಅದು ಡೈಪರ್ ಬಗ್ಗೆ ಮಾತಾಡಲ್ಲ ಅಂತ ವಕೀಲ ಗೆಳೆಯರು ಹೇಳಬಹುದು. ಕವರ್ ಬಿಚ್ಚಿದ ಕೈಗೆ ಆ ವ್ಯತ್ಯಾಸ ಗೊತ್ತಾಗುತ್ತಾ?

ಹಾಗಂತ ನಿಯಮ ಇಲ್ಲ ಅಂತಲ್ಲ. 2015ರ ಡಿಸೆಂಬರ್‌ನಲ್ಲೇ ನಮ್ಮ ಹೈಕೋರ್ಟ್ ಬೆಂಗಳೂರಿಗೆ ಎರಡು ಬುಟ್ಟಿ, ಒಂದು ಚೀಲ ಕಡ್ಡಾಯ ಮಾಡ್ತು. ಹಸಿ ಕಸಕ್ಕೆ ಹಸಿರು ಬುಟ್ಟಿ, ಪ್ಯಾಡು ಡೈಪರಿನಂಥದ್ದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಮಾರನೇ ವರ್ಷ ಬಂದ ಘನತ್ಯಾಜ್ಯ ನಿಯಮಗಳು ಇಡೀ ದೇಶಕ್ಕೆ ಇದನ್ನೇ ಹೇಳಿದವು. ಪ್ಯಾಡು ಡೈಪರನ್ನ ಸುತ್ತಿ ಬೇರೆ ಕೊಡಬೇಕು ಅಂದವು, ಚಿಂದಿ ಆಯೋರನ್ನೂ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕು ಅಂದವು. ಇಷ್ಟೆಲ್ಲಾ ಆದ್ರೂ ನಮ್ಮ ಚಿಕ್ಕಮ್ಮನ ಬಲಗೈ ಹೆಬ್ಬೆರಳಿನಲ್ಲಿ ಟ್ಯೂಬ್‌ಲೈಟ್ ಗಾಜು ಹೊಕ್ಕ ಗಾಯದ ಗುರುತಿದೆ. ಯಾರ ಮನೆ ಟ್ಯೂಬ್‌ಲೈಟ್ ಅಂತ ಯಾರಿಗೂ ಗೊತ್ತಿಲ್ಲ.

ಈಗ ಹವಾಮಾನದ ವಿಷಯಕ್ಕೆ ಬರೋಣ. ನಗರದ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸ. ಬೇರೆ ಮಾಡಿ ಕೊಟ್ರೆ ಅದು ಗೊಬ್ಬರ ಆಗುತ್ತೆ, ಗ್ಯಾಸ್ ಆಗುತ್ತೆ. ಪ್ಲಾಸ್ಟಿಕ್ ಜೊತೆ ಬೆರೆತು ಗುಡ್ಡದಡಿ ಸೇರಿದ್ರೆ ಗಾಳಿ ಸಿಗದೆ ಕೊಳೆತು ಮೀಥೇನ್ ಬಿಡುತ್ತೆ. ಇಪ್ಪತ್ತು ವರ್ಷದ ಲೆಕ್ಕದಲ್ಲಿ ನೋಡಿದ್ರೆ ಭೂಮಿ ಬಿಸಿ ಮಾಡೋದರಲ್ಲಿ ಮೀಥೇನ್ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಜೋರು. ಕೊಳೆತ ಕಸದಿಂದ ಇಳಿಯೋ ಕಪ್ಪು ನೀರು ಬೋರ್‌ವೆಲ್‌ಗೆ ಇಳಿಯುತ್ತೆ. ಬೆಂಗಳೂರಿನ ಉತ್ತರಕ್ಕಿರೋ ಮಾವಳ್ಳಿಪುರದವರು ಇದನ್ನ ಮೈಮೇಲೆ ಅನುಭವಿಸಿದ್ರು. 2012ರಲ್ಲಿ ಅಲ್ಲಿಗೆ ಕಸ ಸುರಿಯೋದು ನಿಂತಾಗ ನಗರದ ಬೀದಿ ತುಂಬಾ ರಾಶಿ ಬಿತ್ತು. ‘ಅಯ್ಯೋ ಗಾರ್ಡನ್ ಸಿಟಿ ಗಾರ್ಬೇಜ್ ಸಿಟಿ ಆಯ್ತು’ ಅಂತ ಎಲ್ಲರೂ ಗೋಳಾಡಿದ್ರು. ಮಂಡೂರಿನ ಜನ 2014ರಲ್ಲಿ ಲಾರಿ ತಡೆದು ಕೂತ್ರು. ನಗರಕ್ಕೆ ಅದು ‘ಸಮಸ್ಯೆ’. ಆ ಊರುಗಳಿಗೆ ಅದು ವರ್ಷಗಟ್ಟಲೆ ಉಸಿರಾಡಿದ ಗಾಳಿ.

ಬಿಸಿಲು ಏರಿದಾಗ ಮೊದಲು ಬೇಯೋದೂ ನಾವೇ. 2024ರ ಏಪ್ರಿಲ್ 28ರಂದು ಬೆಂಗಳೂರಲ್ಲಿ 38.5 ಡಿಗ್ರಿ. ಆಫೀಸಿನವರು ಎಸಿ ಹಾಕ್ಕೊಂಡ್ರು. ಬೀದಿ ಗುಡಿಸೋ ಹೆಂಗಸರು? ಚಿಕ್ಕಮ್ಮ ಕೆಲಸದ ಹೊತ್ತಲ್ಲಿ ನೀರು ಕುಡಿಯಲ್ಲ. ಬಾಯಾರಿಕೆ ಆಗಲ್ಲ ಅಂತಲ್ಲ. ಕುಡಿದ್ರೆ ಮೂತ್ರಕ್ಕೆ ಹೋಗಬೇಕು, ಹೋಗೋಕೆ ಜಾಗ ಇಲ್ಲ. ಗುಡಿಸಿದ ಬೀದಿಯ ಒಂದು ಮನೆಯೂ ಬಾಗಿಲು ತೆಗೆಯಲ್ಲ. ಹವಾಮಾನ ಬದಲಾವಣೆ ಅಂದ್ರೆ ದೂರದ ಹಿಮ ಕರಗೋದು ಅಂತ ಮಕ್ಕಳಿಗೆ ಚಿತ್ರ ತೋರಿಸ್ತಾರೆ. ನಾಳೆ ಕಾಲೇಜಿನಲ್ಲಿ ನಾನು ನೀರು ಕುಡಿಯದ ಈ ಹೆಂಗಸಿನ ಕಥೆ ಹೇಳ್ತೀನಿ.

ಇಲ್ಲಿ ಕೆಲವು ಗೆಳೆಯರು ಸಿಟ್ಟಾಗ್ತಾರೆ, ಗೊತ್ತು. ‘ಚಿಪ್ಸ್ ಪ್ಯಾಕೆಟ್ ಮಾಡೋ ಕಂಪನಿ ಬಿಟ್ಟು ಬಡವರ ಬುಟ್ಟಿ ನೋಡ್ತೀಯಾ? ಎಲ್ಲಾ ಜವಾಬ್ದಾರಿ ಜನರ ತಲೆ ಮೇಲೆ ಹಾಕೋದು ಬಂಡವಾಳಶಾಹಿ ಆಟ’ ಅಂತಾರೆ. ಈ ಮಾತಲ್ಲಿ ಸತ್ಯ ಇದೆ. ಆ ಪದರ ಪದರದ ಪ್ಯಾಕೆಟ್ಟು, ಗುಟ್ಕಾ ಸ್ಯಾಷೆ ಯಾವ ಗುಜರಿಯವನೂ ತಗೊಳ್ಳಲ್ಲ. ಅದನ್ನ ವಾಪಸ್ ತಗೊಳ್ಳೋ ಹೊಣೆ ಮಾಡಿದ ಕಂಪನಿಯದ್ದೇ, ನಿಯಮದಲ್ಲೂ ಹಾಗೇ ಇದೆ. ಅದಕ್ಕೆ ಹೋರಾಡಲೇಬೇಕು. ಮನೆಯೇ ಇಕ್ಕಟ್ಟಿರೋ ಕೇರಿಯಲ್ಲಿ ಮೂರು ಬುಟ್ಟಿ ಎಲ್ಲಿಡೋದು ಅನ್ನೋದೂ ನಿಜ, ಕೇರಿಗೆ ಗಾಡಿಯೇ ಸರಿಯಾಗಿ ಬರಲ್ಲ ಅನ್ನೋದೂ ನಿಜ.

ಆದ್ರೆ ಒಂದು ಪ್ರಶ್ನೆಗೆ ಉತ್ತರ ಹೇಳಿ. ಜಯಂತಿಯ ರಾತ್ರಿ ನಾವು ಎಸೆದ ಪ್ಲೇಟಿಗೆ ಯಾವ ಕಂಪನಿ ಕಾರಣ? ಕಸ ಬೇರೆ ಮಾಡೋದರಿಂದ ಭೂಮಿ ಉಳಿಯುತ್ತೆ ಅಂತ ನಾನು ಹೇಳ್ತಿಲ್ಲ. ನಮ್ಮ ಚಿಕ್ಕಮ್ಮನ ಹೆಬ್ಬೆರಳು ಉಳಿಯುತ್ತೆ. ನನ್ನ ವಾದ ಇಷ್ಟೇ.

ಇನ್ನು ‘ರೀಸೈಕ್ಲಿಂಗ್’ ಅಂತ ಬಾಯಿ ತುಂಬಾ ಹೇಳೋರಿಗೆ ಒಂದು ಮಾತು. ಸತ್ತ ದನ ಹೊತ್ತು, ಚರ್ಮ ಹದ ಮಾಡಿ, ಚಪ್ಪಲಿ, ಬಾವಿಯ ಕಪಿಲೆ ಚೀಲ, ತಮಟೆ ಮಾಡಿಕೊಟ್ಟ ನಮ್ಮಜ್ಜಂದಿರಿಗೆ ಊರು ಕೊಟ್ಟ ಹೆಸರು ಹೊಲೆ, ಮೈಲಿಗೆ. ಅದೇ ಕೆಲಸವನ್ನ ಎಸಿ ರೂಮಲ್ಲಿ ಸ್ಲೈಡ್ ಹಾಕಿ ತೋರಿಸಿದ್ರೆ ಸ್ಟಾರ್ಟಪ್ಪು, ಪ್ರಶಸ್ತಿ. ಹಾಗಂತ ಆ ಕೆಲಸ ನಮ್ಮ ಪರಂಪರೆ, ನಮ್ಮ ಹೆಮ್ಮೆ ಅಂತ ಹಾಡಿ ಹೊಗಳೋದೂ ಬೇಡ. ಸತ್ತ ದನ ಹೊರೋದು ಬಿಡಿ ಅಂತ ಹೇಳಿದ್ದೇ ಬಾಬಾಸಾಹೇಬರು. ಚಿಕ್ಕಮ್ಮನ ಮಗಳು ಈಗ ಬಿ.ಕಾಂ. ಓದ್ತಿದ್ದಾಳೆ. ಆ ಹುಡುಗಿ ಕೈಗೆ ಪೊರಕೆ ಬರಬಾರದು. ನಗರಕ್ಕೆ ಕಸದ ಕೆಲಸ ಬೇಕೇ ಬೇಕು ಅಂದ್ರೆ ಅದು ಒಳ್ಳೆ ಸಂಬಳದ, ಯಂತ್ರ, ಗ್ಲೌಸು, ಶೌಚಾಲಯ ಇರೋ, ಯಾವ ಜಾತಿಯವರಾದ್ರೂ ಅರ್ಜಿ ಹಾಕೋ ಕೆಲಸ ಆಗಬೇಕು.

ಹೋರಾಟ ಮಾಡಿದ ಕಡೆ ಬದಲಾವಣೆ ಬಂದಿದೆ ಅನ್ನೋದೂ ಮರೆಯೋ ಹಾಗಿಲ್ಲ. 2011ರಲ್ಲಿ ಬೆಂಗಳೂರಿನ ಪಾಲಿಕೆ ಚಿಂದಿ ಆಯೋರಿಗೆ ಗುರುತಿನ ಚೀಟಿ ಕೊಡೋಕೆ ಶುರು ಮಾಡ್ತು. ಅಲ್ಲಿವರೆಗೆ ಪೊಲೀಸರ ಕಣ್ಣಲ್ಲಿ ಕಳ್ಳರಾಗಿದ್ದ ಹೆಂಗಸರು ಇವತ್ತು ಕೆಲವು ವಾರ್ಡುಗಳಲ್ಲಿ ಒಣಕಸದ ಸೆಂಟರನ್ನೇ ನಡೆಸ್ತಿದ್ದಾರೆ. 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೂತ್ರು. 2025ರ ಮೇ 1ರಂದು ಬೆಂಗಳೂರಲ್ಲಿ ಸಾವಿರಾರು ಜನರಿಗೆ ಕಾಯಂ ನೇಮಕಾತಿ ಪತ್ರ ಸಿಕ್ತು. ಅದನ್ನ ಯಾರೂ ದಾನ ಮಾಡಲಿಲ್ಲ. ಕಸದ ಆಟೋ ಡ್ರೈವರ್, ಹೆಲ್ಪರ್, ಲೋಡರ್‌ಗಳ ಹೋರಾಟ ಇನ್ನೂ ಬಾಕಿ ಇದೆ. ಸೆಪ್ಟೆಂಬರ್ 23ಕ್ಕೆ ಪೌರಕಾರ್ಮಿಕರ ದಿನ ಅಂತ ಶಾಲು ಹೊದಿಸಿ ಫೋಟೋ ತೆಗೆಸ್ಕೊಳ್ಳೋರಿಗೆ ಆ ಹುಡುಗರ ಹೆಸರೂ ಗೊತ್ತಿಲ್ಲ.

ಹಾಗಾದ್ರೆ ನಾವೇನು ಮಾಡೋದು? ನಮ್ಮ ಸಮಿತಿಯ ಮುಂದೆ ನಾನು ಇಟ್ಟಿರೋ ಮಾತುಗಳು ಇವು. ನಿಮ್ಮ ಊರಲ್ಲೂ ಚರ್ಚೆ ಮಾಡಿ.

1. ಮುಂದಿನ ಜಯಂತಿಗೆ ಫ್ಲೆಕ್ಸ್ ಬೇಡ. ಅದು ಪಿವಿಸಿ. ಮಣ್ಣಲ್ಲಿ ಕೊಳೆಯಲ್ಲ, ಸುಟ್ಟರೆ ವಿಷದ ಹೊಗೆ. ದಲಿತ ಚಳವಳಿ ಈ ರಾಜ್ಯವನ್ನ ಅಲ್ಲಾಡಿಸಿದ್ದು ಗೋಡೆ ಬರಹ, ಬಟ್ಟೆ ಬ್ಯಾನರ್, ತಮಟೆ, ಹಾಡಿನಿಂದ. ಆಗ ನಾಯಕರ ಮುಖದ ಫ್ಲೆಕ್ಸ್ ಇರಲಿಲ್ಲ. ಬಟ್ಟೆಗೆ ಬಣ್ಣದಲ್ಲಿ ಬರೆಸೋಣ, ನಮ್ಮ ಹುಡುಗರಿಗೇ ಕೆಲಸ ಸಿಗುತ್ತೆ.

2. ಊಟಕ್ಕೆ ಸ್ಟೀಲ್ ತಟ್ಟೆ, ಸ್ಟೀಲ್ ಲೋಟ. ಶಾಮಿಯಾನದವರ ಹತ್ರ ಬಾಡಿಗೆಗೆ ಸಿಗ್ತವೆ. ತೊಳೆಯೋ ಪಾಳಿ ಸಮಿತಿಯ ಗಂಡಸರದ್ದು. ಹೆಂಗಸರನ್ನ ಕರೆಯೋ ಹಾಗಿಲ್ಲ.

3. ಏಪ್ರಿಲ್ 14ರ ರಾತ್ರಿಯೇ ಸರ್ಕಲ್ ಗುಡಿಸಿ, ಹಸಿ ಒಣ ಬೇರೆ ಮಾಡಿಟ್ಟು ಮನೆಗೆ ಹೋಗೋದು. ಭಾಷಣ ಮಾಡಿದವರೂ ಸೇರಿ.

4. ಮನೆಯಲ್ಲಿ ಜಾಗ ಇಲ್ಲ ಅಂದ್ರೂ ಒಡೆದ ಗಾಜು, ಬ್ಲೇಡು, ಸೂಜಿ ಪೇಪರಿನಲ್ಲಿ ಸುತ್ತಿ ಬೇರೆ ಕೊಡೋದು. ಪ್ಯಾಡು ಡೈಪರನ್ನೂ ಪೇಪರಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಕೊಡೋದು. ಬಾಕಿ ನಿಧಾನಕ್ಕೆ ಅಭ್ಯಾಸ ಆಗುತ್ತೆ.

5. ಕಸದ ಆಟೋದವರು ಮುಷ್ಕರ ಮಾಡಿದ ದಿನ ‘ಕಸ ನಾರ್ತಿದೆ’ ಅಂತ ಸ್ಟೇಟಸ್ ಹಾಕದೆ ಅವರ ಪಕ್ಕ ಹೋಗಿ ಕೂರೋದು.

ಇದನ್ನ ಪೋಸ್ಟ್ ಮಾಡೋ ಮೊದಲು ಚಿಕ್ಕಮ್ಮನಿಗೆ ಓದಿ ಹೇಳಿದೆ. ಎಲ್ಲಾ ಕೇಳಿ, "ಅದೆಲ್ಲಾ ಸರಿ ಕಣಪ್ಪಾ, ಆ ಬ್ಯಾನರ್ ಇನ್ನೂ ಕಾಂಪೌಂಡ್ ಮ್ಯಾಲೇ ಅದೆ. ಎರಡು ತಿಂಗಳಾಗ್ತಾ ಬಂತು, ಮಳೇಲಿ ನೆನೀತಾ ಅದೆ. ನಿಮ್ಮಲ್ಲಿ ಒಬ್ರಾದ್ರೂ ಬಂದು ತಗೊಂಡ್ ಹೋದ್ರಾ?" ಅಂದ್ರು.

ಈಗ ಹೊರಟಿದೀನಿ. ಕಾಲೇಜಿನ ಭಾಷಣ ಆಮೇಲೆ ಸಿದ್ಧ ಮಾಡ್ಕೊತೀನಿ.

ಜೈ ಭೀಮ್.